ಚೆನ್ನಾಗಿದ್ದಾಳಲ್ಲ ಎನ್ನುವ ಮೊದಲು



ಈ ವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನ, ಗೂಡಲೂರು ಕಡೆಯ ಒಂದು ಚಹಾ ತೋಟದ ಲೈನಿನಿಂದ ಎಂಟು ವರ್ಷದ ಹುಡುಗಿಯೊಬ್ಬಳು ಪುಸ್ತಕದ ಚೀಲ ಹೊತ್ತು ಇಳಿದು ಹೋದಳು. ನೋಡಿದವರಿಗೆ ಅದರಲ್ಲಿ ವಿಶೇಷವೇನೂ ಕಾಣುವಂತಿರಲಿಲ್ಲ. ತಲೆಗೆ ಉಣ್ಣೆಯ ಟೊಪ್ಪಿ ಇತ್ತು. ಆ ಮಳೆಯ ಚಳಿಯಲ್ಲಿ ಎಲ್ಲ ಮಕ್ಕಳ ತಲೆಗೂ ಏನಾದರೊಂದು ಇದ್ದೇ ಇತ್ತು. ಆದರೆ ಅವಳ ತಾಯಿ ಅಂದು ಎಲೆ ಕೀಳಲು ಹೋಗಲಿಲ್ಲ. ಮಗಳು ತಿರುವು ದಾಟಿ ಮರೆಯಾಗುವ ತನಕ ಬಾಗಿಲಲ್ಲೇ ನಿಂತಿದ್ದರು. ಹುಡುಗಿ ಶಾಲೆಯ ಮುಖ ಕಾಣದೆ ಒಂದು ವರ್ಷವಾಗಿತ್ತು.

ಆ ಒಂದು ವರ್ಷದ ಸಂಗತಿಯನ್ನು ಮನೆಯವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇವೆ. ಹೆಸರು ಬೇಡವೆಂದರು; ಹಾಕಿಲ್ಲ. ಓದಿದವರಿಗೆ ಕನಿಕರ ಹುಟ್ಟಲಿ ಎಂಬ ಉದ್ದೇಶ ನಮ್ಮದಲ್ಲ. ಅವರು ಕಷ್ಟಪಟ್ಟು ಕಲಿತದ್ದು ನಾಳೆ ನಮ್ಮಲ್ಲಿ ಯಾರಿಗೆ ಬೇಕಾದೀತೋ ತಿಳಿಯದು. ಅಲ್ಲದೆ ನಮ್ಮ ಕೂಟವೂ ಒಂದು ಕಡೆ ತಪ್ಪಿತು; ಅದನ್ನು ಒಪ್ಪಿಕೊಳ್ಳುವುದು ನಮ್ಮ ಕರ್ತವ್ಯ.

ಕಳೆದ ವರ್ಷ ಮೇ ತಿಂಗಳ ಕೊನೆಗೆ ಹುಡುಗಿಗೆ ಜ್ವರ ಬಂತು, ಹೋಯಿತು, ಮತ್ತೆ ಬಂತು. ಕಾಲು ನೋವೆಂದು ರಾತ್ರಿ ಅಳುತ್ತಿದ್ದಳು. ಮುಖ ಬಿಳಿಚಿಕೊಂಡಿತು. ಡಿಸ್ಪೆನ್ಸರಿಯಲ್ಲಿ ಎರಡು ಸಲ ಟಾನಿಕ್ಕು ಕೊಟ್ಟರು. ಶಾಲೆ ತೆರೆದು ನಾಲ್ಕು ದಿನ ಹೋದಳು, ಐದನೆಯ ದಿನ ಮೆಟ್ಟಿಲು ಹತ್ತಲಾಗದೆ ಕುಳಿತುಬಿಟ್ಟಳು. ಸ್ನಾನ ಮಾಡಿಸುವಾಗ ಪೆಟ್ಟು ಬೀಳದ ಕಡೆಯಲ್ಲೆಲ್ಲ ನೀಲಿ ಕಲೆಗಳಿರುವುದನ್ನು ಅಜ್ಜಿ ಕಂಡರು. ಮೈಸೂರಿಗೆ ಕರೆದೊಯ್ದರು, ಅಲ್ಲಿ ರಕ್ತ ನೋಡಿದವರು ಒಂದು ದಿನವೂ ತಡಮಾಡದೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ಪರೀಕ್ಷಿಸಿ, ಇದು ರಕ್ತದ ಕ್ಯಾನ್ಸರ್ ಎಂದರು. ಪೂರ್ತಿ ಹೆಸರು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ.

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಲೈನುಗಳಲ್ಲಿ ಅರ್ಧ ಸಾವು ಆಗಿಹೋಯಿತೆಂದೇ ಲೆಕ್ಕ. ಆದ್ದರಿಂದ ಈ ರೋಗದ ವಿಷಯ ನಾಲ್ಕು ಮಾತು ಹೇಳಬೇಕು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಹೆಚ್ಚು. ಮಜ್ಜೆಯೊಳಗೆ ಬಲಿಯದ ಬಿಳಿ ಕಣಗಳು ಮಿತಿಮೀರಿ ಹುಟ್ಟಿ ಒಳ್ಳೆಯ ಕಣಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ. ಕೆಂಪು ಕಣ ಕಡಿಮೆಯಾಗಿ ಮಗು ಬಿಳಿಚುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣ ಕಡಿಮೆಯಾಗಿ ನೀಲಿ ಕಲೆ ಬೀಳುತ್ತದೆ, ವಸಡಿನಲ್ಲಿ ರಕ್ತ ಬರುತ್ತದೆ. ರೋಗ ತಡೆಯುವ ಕಣ ಕಡಿಮೆಯಾಗಿ ಜ್ವರ ಬಿಡುವುದಿಲ್ಲ. ಇದು ಅಂಟುರೋಗವಲ್ಲ. ತಾಯಿ ಬಸುರಿಯಾಗಿದ್ದಾಗ ತಿಂದದ್ದರಿಂದ ಬಂದದ್ದಲ್ಲ, ಯಾರ ಶಾಪವೂ ಅಲ್ಲ.

1940ರ ದಶಕದ ತನಕ ಈ ರೋಗ ಬಂದ ಮಗು ಕೆಲವು ತಿಂಗಳು ಬದುಕಿದರೆ ಹೆಚ್ಚಾಗಿತ್ತು. ಅಮೆರಿಕದ ಬೋಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಅಮಿನೊಪ್ಟೆರಿನ್ ಎಂಬ ಔಷಧದಿಂದ ಕೆಲವು ಮಕ್ಕಳ ರೋಗ ಸ್ವಲ್ಪ ಕಾಲ ಹಿಮ್ಮೆಟ್ಟಿತೆಂದು 1948ರಲ್ಲಿ ಪ್ರಕಟಿಸಿದರು. ಆ ಔಷಧವನ್ನು ತಯಾರಿಸಿಕೊಟ್ಟ ಸಂಶೋಧನಾಲಯದ ಮುಖ್ಯಸ್ಥರು ಯೆಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದವರು. ಅದರ ಒಡಹುಟ್ಟಿನಂತಿರುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ನಮ್ಮ ಹುಡುಗಿ ಇಂದಿಗೂ ವಾರಕ್ಕೊಮ್ಮೆ ನುಂಗುತ್ತಾಳೆ. ಅವಳಿಗೆ ಸೂಜಿಯಲ್ಲಿ ಕೊಟ್ಟ ಇನ್ನೊಂದು ಔಷಧ ವಿನ್‌ಕ್ರಿಸ್ಟೀನ್. ಅದು ನಮ್ಮ ಲೈನುಗಳ ಮುಂದೆ ಬಿಳಿ, ನಸುಗೆಂಪು ಹೂ ಬಿಡುವ ನಿತ್ಯಪುಷ್ಪದ ಗಿಡದಿಂದ ಬಂದದ್ದು. ತಮಿಳರು ಅದನ್ನೇ ನಿತ್ಯಕಲ್ಯಾಣಿ ಎನ್ನುತ್ತಾರೆ. ಇದನ್ನು ಕೇಳಿ ಯಾರೋ ಆ ಎಲೆಯ ಕಷಾಯ ಕುಡಿಸಿರೆಂದು ಸಲಹೆ ಕೊಟ್ಟರಂತೆ. ದಯವಿಟ್ಟು ಹಾಗೆ ಮಾಡಬೇಡಿ. ಹಸಿ ಗಿಡ ವಿಷ. ಔಷಧದ ಪ್ರಮಾಣವನ್ನು ಮಗುವಿನ ಎತ್ತರ, ತೂಕ ನೋಡಿ ಲೆಕ್ಕಹಾಕಿಯೇ ಕೊಡಬೇಕು.

ಇಂದು ಶ್ರೀಮಂತ ದೇಶಗಳಲ್ಲಿ ಈ ರೋಗ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ನಮ್ಮಂಥ ಕಡೆ ಅಷ್ಟು ಮಂದಿ ಉಳಿಯುವುದಿಲ್ಲ. ರೋಗ ತಡವಾಗಿ ಗೊತ್ತಾಗುವುದು ಒಂದು ಕಾರಣ, ನಂಜು ಏರಿ ಸಾಯುವುದು ಇನ್ನೊಂದು. ಮೂರನೆಯ ಕಾರಣ, ಚಿಕಿತ್ಸೆಯನ್ನು ನಡುವೆ ಬಿಟ್ಟುಬಿಡುವುದು. ಇಂದು ನಾವು ಮುಖ್ಯವಾಗಿ ಹೇಳಬೇಕಾಗಿರುವುದು ಈ ಮೂರನೆಯದರ ಬಗ್ಗೆ.

ಮೊದಲನೆಯ ಸಲ ತಾಯಿ ಮಗಳು ಎರಡು ತಿಂಗಳು ಬೆಂಗಳೂರಿನಲ್ಲೇ ಉಳಿದರು. ತಂದೆ ಹತ್ತು ದಿನ ಇದ್ದು, ಕೂಲಿ ನಿಂತರೆ ಎಲ್ಲರೂ ಉಪವಾಸವೆಂದು ಫ್ಯಾಕ್ಟರಿ ಕೆಲಸಕ್ಕೆ ಮರಳಿದರು. ಚಿಕ್ಕ ಮಗ ಅಜ್ಜಿಯ ಬಳಿ ಉಳಿದ. ಆಮೇಲೆ ಪ್ರಯಾಣ ಶುರುವಾಯಿತು. ಮೊದಲು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ. ನಸುಕಿನಲ್ಲಿ ಎದ್ದು ಗೂಡಲೂರಿಗೆ ಇಳಿದು, ಮುದುಮಲೆ, ಬಂಡೀಪುರದ ಕಾಡು ದಾಟಿ ಮೈಸೂರು, ಅಲ್ಲಿಂದ ಬೆಂಗಳೂರು. ದಾರಿಯಲ್ಲಿ ಮಗು ವಾಂತಿ ಮಾಡುತ್ತದೆ. ಜನಸಂದಣಿಯ ಬಸ್ಸಿನಲ್ಲಿ ಕೆಮ್ಮುವವರಿಂದ ದೂರ ಕೂರಿಸಬೇಕು. ಹೊರಗಿನ ತಿಂಡಿ ಕೊಡುವಂತಿಲ್ಲ. ಆ ತಾಯಿ ಬಸ್ಸಿನ ಟಿಕೀಟುಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದಾರೆ. ನಾವು ಎಣಿಸಿದೆವು. ವರ್ಷದಲ್ಲಿ ಹತ್ತೊಂಬತ್ತು ಸಲ ಹೋಗಿ ಬಂದಿದ್ದಾರೆ.

ಮೈಸೂರಿನಿಂದ ಮುಂದೆ ರೈಲಿನಲ್ಲಿ ಹೋಗಬಹುದೆಂದೂ, ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೆ ರೈಲ್ವೆಯ ರಿಯಾಯಿತಿ ಇದೆಯೆಂದೂ ಇವರಿಗೆ ಗೊತ್ತಾದದ್ದು ಆರು ತಿಂಗಳ ಮೇಲೆ. ಎರಡನೆಯ ದರ್ಜೆಯಲ್ಲಿ ರೋಗಿಗೂ ಜೊತೆಗಾರರೊಬ್ಬರಿಗೂ ನೂರಕ್ಕೆ 75ರಷ್ಟು ರಿಯಾಯಿತಿ. ಸ್ಲೀಪರಿನಲ್ಲಿ ರೋಗಿಗೆ ಪೂರ್ತಿ, ಜೊತೆಗಾರರಿಗೆ ನೂರಕ್ಕೆ 75. ಆಸ್ಪತ್ರೆಯ ಡಾಕ್ಟರು ಸಹಿ ಮಾಡಿದ ನಮೂನೆ ಬೇಕು, ಅಷ್ಟೆ. ವಿಮೆಯ ಕಥೆಯೂ ಹೀಗೆಯೇ. ಗಡಿಯ ಈಚೆ ಕೊಟ್ಟ ಕಾರ್ಡು ಆಚೆಯ ಕೌಂಟರಿನಲ್ಲಿ ನಡೆಯದೆಂದು ತಿಳಿದದ್ದು ಹಣ ಕಟ್ಟುವ ಸಾಲಿನಲ್ಲಿ ನಿಂತ ಮೇಲೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯೊಬ್ಬರು ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಬರೆಸಿ ದಾರಿ ತೋರಿಸಿದರು. ಗಡಿಯಲ್ಲಿ ಬದುಕುವ ನಮಗೆ ಇದೊಂದು ಪಾಠ. ಮನೆ ಬಿಡುವ ಮೊದಲೇ ಯಾವ ಕಾರ್ಡು ಎಲ್ಲಿ ನಡೆಯುತ್ತದೆಂದು ಕೇಳಬೇಕು. ಆಸ್ಪತ್ರೆ ಸೇರಿದ ಮೊದಲನೆಯ ದಿನವೇ ಸಮಾಜ ಕಾರ್ಯಕರ್ತರನ್ನು ಹುಡುಕಬೇಕು.

ಅಕ್ಟೋಬರ್ ತಿಂಗಳ ಒಂದು ರಾತ್ರಿಯನ್ನು ಆ ಮನೆಯವರು ಮರೆಯಲಾರರು. ಒಂಬತ್ತೂವರೆಯ ಹೊತ್ತಿಗೆ ಹುಡುಗಿಯ ಮೈ ಸುಡತೊಡಗಿತು. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ವಾಹನ ಬಿಡುವುದಿಲ್ಲವೆಂದು ನಾವೆಲ್ಲ ಬಲ್ಲೆವು. ಆಂಬುಲೆನ್ಸಿಗೆ ಮಾತ್ರ ತಡೆಯಿಲ್ಲವೆಂಬುದು ಆ ಗಾಬರಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಬೆಳಗಾಗಲಿ ಎಂದುಕೊಂಡು ಒದ್ದೆ ಬಟ್ಟೆ ಹಾಕುತ್ತ ಕುಳಿತರು. ಅಜ್ಜಿ ಒಪ್ಪದೆ, ವಾರ್ಡಿಗೆ ಫೋನು ಮಾಡಿ ಎಂದು ಹಟ ಹಿಡಿದರು. ಅತ್ತಲಿಂದ ಡಾಕ್ಟರು ಹೇಳಿದ್ದಿಷ್ಟು: ಬೆಂಗಳೂರಿಗೆ ಬರುವುದು ಬೇಡ, ಬೆಳಗಿನ ತನಕ ಕಾಯುವುದೂ ಬೇಡ, ಹತ್ತಿರದ ದೊಡ್ಡ ಆಸ್ಪತ್ರೆಗೆ ಈಗಲೇ ಹೋಗಿ, ಫೈಲು ತೋರಿಸಿ, ನಂಜಿನ ಸೂಜಿ ಹಾಕಿಸಿ. ಪಕ್ಕದ ಲೈನಿನ ಜೀಪಿನಲ್ಲಿ ಊಟಿಗೆ ಹತ್ತಿದರು. ಐದು ದಿನ ಅಲ್ಲಿದ್ದು ಉಳಿದು ಬಂದಳು. ಈ ಚಿಕಿತ್ಸೆಯಲ್ಲಿರುವ ಮಗುವಿಗೆ ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಮುಟ್ಟಿದರೆ ಅದು ಸಾಮಾನ್ಯ ಜ್ವರವಲ್ಲ. ರೋಗ ತಡೆಯುವ ಕಣಗಳಿಲ್ಲದ ಮೈಯಲ್ಲಿ ನಂಜು ಕೆಲವೇ ಗಂಟೆಗಳಲ್ಲಿ ಏರುತ್ತದೆ. ಮನೆಯಲ್ಲಿ ಮಾತ್ರೆ ಕೊಟ್ಟು ಜ್ವರ ಇಳಿಸಿ ಕಾಯುವಂತಿಲ್ಲ.

ಈಗ ನಮ್ಮ ತಪ್ಪಿನ ವಿಷಯ. ರೋಗದ ಸುದ್ದಿ ಬಂದ ತಿಂಗಳಲ್ಲಿ ನಮ್ಮ ಕೂಟದಲ್ಲಿ ಅಳು, ಪ್ರಾರ್ಥನೆ, ಹಣ ಕೂಡಿಸುವುದು ಎಲ್ಲವೂ ಆಯಿತು. ಐದು ಲೈನುಗಳವರು ಕೊಟ್ಟರು. ಕೊಡಲು ಹಣವಿಲ್ಲದವರು ಅಕ್ಕಿ ಕೊಟ್ಟರು. ಯುವಕರು ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟರು. ಅದಕ್ಕಾಗಿ ಅವರನ್ನು ಎಷ್ಟು ನೆನೆದರೂ ಸಾಲದು. ಆದರೆ ಐದಾರು ತಿಂಗಳಾಗುತ್ತ ಹುಡುಗಿ ಲೈನಿಗೆ ಮರಳಿದಳು. ಸ್ಟೀರಾಯ್ಡ್ ಮಾತ್ರೆಯಿಂದ ಊದಿದ್ದ ಮುಖ ಇಳಿಯಿತು. ಉದುರಿದ್ದ ಕೂದಲು ಮೊಳೆಯಿತು. ಅಂಗಳದಲ್ಲಿ ಕುಂಟಾಬಿಲ್ಲೆ ಆಡಿದಳು. ನಾವೆಲ್ಲ "ಚೆನ್ನಾಗಿದ್ದಾಳಲ್ಲ" ಎಂದೆವು. ಹೇಳಿದ್ದು ಸಂತೋಷದಿಂದಲೇ. ಆದರೆ ಆ ಮಾತಿನ ಜೊತೆಗೆ ನಮ್ಮ ಸಹಾಯವೂ ನಿಂತುಹೋಯಿತು. ಡಿಸೆಂಬರ್ ಕಳೆದ ಮೇಲೆ ಆ ಮನೆಯ ಬಾಗಿಲಿಗೆ ನಮ್ಮಲ್ಲಿ ಹೋದವರು ಇಬ್ಬರೋ ಮೂವರೋ.

ಅಷ್ಟರಲ್ಲಿ ಸಾಲ ಬೆಳೆದಿತ್ತು. ಮೇ ತಿಂಗಳಲ್ಲಿ ಮಾತ್ರೆ ಮುಗಿಯಿತು, ಪ್ರಯಾಣಕ್ಕೆ ಹಣವಿರಲಿಲ್ಲ. ಮತ್ತೆ ಕೈ ಚಾಚಲು ನಾಚಿಕೆಯಾಯಿತು. ಬಂಧುಗಳೊಬ್ಬರು, "ಮಗು ಓಡಾಡ್ತಾ ಇದೆ, ಇನ್ನೂ ಯಾಕಪ್ಪ ಆ ವಿಷ ತಿನ್ನಿಸ್ತೀ?" ಎಂದರು. ತಂದೆಗೂ ಹಾಗೇ ಅನ್ನಿಸಿತು. ಒಂಬತ್ತು ದಿನ ಮಾತ್ರೆಯಿಲ್ಲದೆ ಹೋಯಿತು. ಹತ್ತನೆಯ ದಿನ ತಾಯಿ ಕಿವಿಯ ಓಲೆ ಅಡವಿಟ್ಟು ಬಸ್ಸು ಹತ್ತಿದರು. ಡಾಕ್ಟರು ಬೈಯಲಿಲ್ಲ, ರಕ್ತ ಪರೀಕ್ಷೆ ಮಾಡಿ, ಸದ್ಯ ಕೆಡುಕಿಲ್ಲವೆಂದು ಹೇಳಿ, ಕಾಗದದ ಮೇಲೆ ಬರೆದು ತೋರಿಸಿದರಂತೆ.

ಅವರು ತೋರಿಸಿದ ಲೆಕ್ಕ ಹೀಗಿದೆ. ಮೊದಲನೆಯ ನಾಲ್ಕೈದು ವಾರದ ಔಷಧಕ್ಕೇ ಹೆಚ್ಚಿನ ಮಕ್ಕಳಲ್ಲಿ ರೋಗದ ಕಣಗಳು ಕಣ್ಣಿಗೆ ಕಾಣದಷ್ಟು ಕಡಿಮೆಯಾಗುತ್ತವೆ. ಕಾಣುವುದಿಲ್ಲವೆಂದರೆ ಇಲ್ಲವೆಂದಲ್ಲ. ತೋಟದಲ್ಲಿ ಕಳೆ ಕೊಯ್ದರೆ ನೆಲ ಚೊಕ್ಕವಾಗಿ ಕಾಣುತ್ತದೆ. ಬೇರು ಉಳಿದದ್ದು ಮುಂದಿನ ಮಳೆಗೆ ಗೊತ್ತಾಗುತ್ತದೆ. ಆ ಬೇರಿಗಾಗಿಯೇ ಮುಂದಿನ ತಿಂಗಳುಗಳ ಗಟ್ಟಿ ಚಿಕಿತ್ಸೆ, ಅದಾದ ಮೇಲೆ ದಿನವೂ ಮನೆಯಲ್ಲಿ ನುಂಗುವ ಮಾತ್ರೆ. ಎಲ್ಲ ಸೇರಿ ಎರಡು, ಎರಡೂವರೆ ವರ್ಷ. ದಿನದ ಈ ಮಾತ್ರೆಯನ್ನು ನೂರರಲ್ಲಿ 95 ದಿನಕ್ಕಿಂತ ಕಡಿಮೆ ನುಂಗಿದ ಮಕ್ಕಳಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಸಂಶೋಧನೆಗಳಿಂದ ತಿಳಿದಿದೆ. ಅಂದರೆ ತಿಂಗಳಿಗೆ ಎರಡು ದಿನ ತಪ್ಪಿದರೂ ಅದು ಹೆಚ್ಚೇ. ಮರುಕಳಿಸಿದ ರೋಗವನ್ನು ಗೆಲ್ಲುವುದು ಮೊದಲನೆಯದಕ್ಕಿಂತ ಬಹಳ ಕಷ್ಟ, ಖರ್ಚೂ ಬಹಳ.

ಹೀಗಿರಲು, ನಾವು ಹೆಚ್ಚು ಸಹಾಯ ಮಾಡಬೇಕಾದದ್ದು ಯಾವಾಗ? ಮಗು ಸಾಯುವಂತಿರುವಾಗ ಕಲ್ಲು ಹೃದಯವೂ ಕರಗುತ್ತದೆ. ಮಗು ಆಡುತ್ತಿರುವಾಗ, ತಾಯಿತಂದೆ ದಣಿದಿರುವಾಗ, ನೆರೆಯವರು ಮರೆತಿರುವಾಗ, ಎರಡನೆಯ ವರ್ಷದ ಇಪ್ಪತ್ತನೆಯ ಪ್ರಯಾಣಕ್ಕೆ ಜೊತೆಯಾಗುವುದೇ ನಿಜವಾದ ಸಹಾಯ. ಅದನ್ನು ನಾವು ಮಾಡಲಿಲ್ಲ. ಆ ಓಲೆ ಅಡವಿಗೆ ಹೋದದ್ದಕ್ಕೆ ನಮ್ಮ ಕೂಟವೂ ಹೊಣೆ.

ಶಾಲೆಯ ವಿಷಯವೂ ಸುಲಭವಾಗಿ ಆಗಲಿಲ್ಲ. ವರ್ಷವಿಡೀ ಬಾರದ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿಲ್ಲ, ಹೊಸದಾಗಿ ಸೇರಿಸಿ, ಕಾಗದ ತನ್ನಿ ಎಂದರು. ಕೂಟದ ಒಬ್ಬ ನಿವೃತ್ತ ಉಪಾಧ್ಯಾಯರು ಜೊತೆಗೆ ಹೋಗಿ ಮಾತಾಡಿದರು. 2009ರಲ್ಲಿ ಆದ ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವಯಸ್ಸಿನ ಮಗುವನ್ನು ಎಂಟನೆಯ ತರಗತಿ ಮುಗಿಯುವ ತನಕ ಶಾಲೆಯಿಂದ ಹೊರಹಾಕುವಂತಿಲ್ಲ. ಓದು ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದೆ ಬಿದ್ದುದನ್ನು ಕಲಿಸಿಕೊಡಬೇಕು. ಇದು ಕಾಯ್ದೆಯ ಮಾತು. ಯಾರೂ ದಯೆ ತೋರಿ ಕೊಡಬೇಕಾದದ್ದಲ್ಲ. ಇದನ್ನು ಸಮಾಧಾನದಿಂದ ಹೇಳಿದಾಗ ಹೆಡ್ಮಾಸ್ತರರು ಒಪ್ಪಿದರು.

ಅದಕ್ಕಿಂತ ದೊಡ್ಡ ಅಡ್ಡಿ ನಮ್ಮವರಿಂದಲೇ ಬಂತು. "ಆ ರೋಗದ ಹುಡುಗಿ ಪಕ್ಕ ನನ್ನ ಮಗನ್ನ ಕೂರಿಸಬೇಡಿ" ಎಂದು ಒಬ್ಬ ತಾಯಿ ಶಾಲೆಗೆ ಹೇಳಿ ಕಳುಹಿಸಿದರು. ಅವರಿಗೆ ತಿಳಿದಿರಲಿಲ್ಲ, ನಾವೂ ತಿಳಿಸಿ ಹೇಳಿರಲಿಲ್ಲ. ಅಪಾಯವಿರುವುದು ಬೇರೆ ಮಕ್ಕಳಿಗಲ್ಲ, ಅವಳಿಗೆ. ಪಕ್ಕದ ಮಗುವಿಗೆ ಸಿಡುಬೇಳುವ ಕೊಟ್ಲೆಯೋ ದಡಾರವೋ ಬಂದರೆ ಇವಳಿಗೆ ಪ್ರಾಣಕ್ಕೇ ಸಂಚಕಾರ. ಅಂಥದ್ದು ಯಾರಿಗೆ ಬಂದರೂ ಅಂದೇ ಅವಳ ಮನೆಗೆ ಹೇಳಿ ಕಳುಹಿಸಬೇಕೆಂದು ತರಗತಿಯ ಟೀಚರು ಮಕ್ಕಳಿಗೆ ವಿವರಿಸಿದರು. ಔಷಧದಿಂದ ಅವಳ ಪಾದದ ಬಲ ಇನ್ನೂ ಪೂರ್ತಿ ಬಂದಿಲ್ಲ, ಓಡುವಾಗ ಎಡವುತ್ತಾಳೆ. ಆದ್ದರಿಂದ ಕಿಟಕಿಯ ಬಳಿ, ಬಾಗಿಲಿಗೆ ಹತ್ತಿರ ಒಂದು ಜಾಗ ಕೊಟ್ಟಿದ್ದಾರೆ. ಈಗ ಅವಳ ಚೀಲವನ್ನು ಏರು ದಾರಿಯಲ್ಲಿ ಹೊರುವವನು, ಯಾರ ಪಕ್ಕ ಕೂರಿಸಬೇಡಿ ಎಂದಿದ್ದರೋ ಆ ಹುಡುಗನೇ.

ಒಂದು ಸಣ್ಣ ಸಂಗತಿ. ಇಲ್ಲಿ ಅವಳ ಶಾಲೆ ತಮಿಳು. ಮನೆಯಲ್ಲಿ ಕನ್ನಡ ಆಡುತ್ತಾರೆ, ಅಕ್ಷರ ಬಾರದು. ಬೆಂಗಳೂರಿನ ವಾರ್ಡಿನಲ್ಲಿ ಮಕ್ಕಳಿಗೆ ಪಾಠ ಹೇಳಲು ಬರುತ್ತಿದ್ದ ಅಕ್ಕನವರೊಬ್ಬರು ಅವಳಿಗೆ ಸೂಜಿ ಹನಿಯುವ ಹೊತ್ತಿನಲ್ಲಿ ಕನ್ನಡದ ಅಕ್ಷರ ಕಲಿಸಿದರು. ಈಗ ಈ ಪತ್ರಿಕೆಯನ್ನು ಅಜ್ಜಿಗೆ ಅವಳೇ ಕೂಡಿಸಿ ಕೂಡಿಸಿ ಓದುತ್ತಾಳೆ. ಇದನ್ನೂ ಓದುತ್ತಾಳೆಂದು ತಿಳಿದೇ ಬರೆಯುತ್ತಿದ್ದೇವೆ.

ಕೊನೆಗೆ ಕೂಲಿಯ ಮಾತು. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೂ ಕುಟುಂಬಕ್ಕೂ ವೈದ್ಯ ಸೌಲಭ್ಯ ಕೊಡಬೇಕೆಂದಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೆಲಸದ ಸುರಕ್ಷತೆ ಮತ್ತು ಆರೋಗ್ಯದ ಹೊಸ ಸಂಹಿತೆ ಅದರ ಜಾಗಕ್ಕೆ ಬಂದಿದೆ. ಆದರೆ ಹಳೆಯ ಕಾಯ್ದೆಯ ಕಾಯಿಲೆ ಭತ್ಯೆ ಕೂಡ ಕಾರ್ಮಿಕನಿಗೋ ಕಾರ್ಮಿಕಳಿಗೋ ತಾನೇ ಮಲಗಿದಾಗ ಮಾತ್ರ ಸಿಗುತ್ತಿತ್ತು. ಮಗು ಮಲಗಿದಾಗ ಪಕ್ಕದಲ್ಲಿ ಕೂರುವ ತಾಯಿಗೆ ಕೂಲಿಯೂ ಇಲ್ಲ, ಭತ್ಯೆಯೂ ಇಲ್ಲ. ಹೆಸರು ಚೆಕ್‌ರೋಲಿನಿಂದ ಹೋದೀತು, ಹೆಸರಿನ ಜೊತೆ ಲೈನಿನ ಮನೆಯೂ ಹೋದೀತು ಎಂಬ ಹೆದರಿಕೆ ಬೇರೆ. ಆ ತಾಯಿ ಎರಡು ತಿಂಗಳು ಆಸ್ಪತ್ರೆಯ ನೆಲದ ಮೇಲೆ ಮಲಗಿದಾಗ ನಿದ್ದೆಗೆಡಿಸಿದ್ದರಲ್ಲಿ ಅರ್ಧ ಈ ಹೆದರಿಕೆ. ಆದ್ದರಿಂದ ನಮ್ಮ ಯೂನಿಯನ್ನುಗಳು ಮುಂದಿನ ಕೂಲಿ ಒಪ್ಪಂದದ ಮಾತುಕತೆಗೆ ಕುಳಿತಾಗ ಒಂದು ಬೇಡಿಕೆಯನ್ನು ಸೇರಿಸಬೇಕೆಂದು ಕೇಳುತ್ತೇವೆ: ದೀರ್ಘ ಚಿಕಿತ್ಸೆಯಲ್ಲಿರುವ ಮಗುವಿನ ತಾಯಿ ಅಥವಾ ತಂದೆಗೆ ಹೆಸರು ಹೋಗದಂತೆ, ಮನೆ ಹೋಗದಂತೆ ರಜೆ, ಸಾಧ್ಯವಾದರೆ ಅರ್ಧ ಕೂಲಿ. ಇದು ಒಂದು ಮನೆಯ ಬೇಡಿಕೆಯಲ್ಲ. ಮಕ್ಕಳಿರುವ ಎಲ್ಲ ಮನೆಗಳದ್ದು.

ಯೂನಿಯನ್ನು ಮಾಡುವುದನ್ನು ಮಾಡಲಿ, ನಾವು ಮಾಡುವುದನ್ನು ಇಂದೇ ಮಾಡಬಹುದು. ಕೂಟದ ಹಿರಿಯರು ಕಳೆದ ತಿಂಗಳು ಕೂಡಿ ಹೀಗೆ ನಿರ್ಣಯಿಸಿದ್ದಾರೆ. ಆ ಮಗುವಿನ ಚಿಕಿತ್ಸೆ ಮುಗಿಯಲು ಇನ್ನೂ ಒಂದೂವರೆ ವರ್ಷ ಬೇಕು. ಒಂದೊಂದು ತಿಂಗಳ ಪ್ರಯಾಣವನ್ನು ಒಂದೊಂದು ಲೈನಿನವರು ವಹಿಸಿಕೊಳ್ಳುವರು. ಬಸ್ಸಿನ ಹಣ ಒಂದು ವಾರ ಮೊದಲೇ ಆ ಮನೆ ಸೇರುವುದು, ಅವರು ಕೇಳುವ ತನಕ ಕಾಯುವುದಿಲ್ಲ. ತಾಯಿ ಹೋದ ದಿನ ಚಿಕ್ಕ ಮಗನ ಊಟ ನೆರೆಮನೆಯಲ್ಲಿ. ಮಾತ್ರೆ ನುಂಗಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವ ಕೆಲಸ ಹುಡುಗಿಯದೇ. 18 ತುಂಬಿದ, 45 ಕಿಲೋ ತೂಕವಿರುವ ಆರೋಗ್ಯವಂತ ಯುವಕ ಯುವತಿಯರು ರಕ್ತದಾನಕ್ಕೆ ಹೆಸರು ಕೊಡಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಇನ್ನು ಪ್ರತಿ ಲೈನಿನಲ್ಲಿ ಒಂದು ಥರ್ಮಾಮೀಟರು, ಆಂಬುಲೆನ್ಸಿನ ನಂಬರು, ರಾತ್ರಿ ಹೊರಡಬಲ್ಲ ಒಂದು ಜೀಪಿನವರ ಹೆಸರು ಗೋಡೆಯ ಮೇಲಿರಲಿ.

ವಾಚಕರಲ್ಲಿ ಇನ್ನೊಂದು ಬಿನ್ನಹ. ವಾರ ಕಳೆದರೂ ಬಿಡದ ಜ್ವರ, ಬಿಳಿಚಿದ ಮುಖ, ಕಾರಣವಿಲ್ಲದ ನೀಲಿ ಕಲೆ, ರಾತ್ರಿಯ ಕಾಲು ನೋವು, ಕುತ್ತಿಗೆಯ ಗಂಟು, ಇವು ಯಾವ ಮಗುವಿನಲ್ಲಿ ಕಂಡರೂ ಎರಡನೆಯ ಟಾನಿಕ್ಕಿಗೆ ಕಾಯದೆ ರಕ್ತ ಪರೀಕ್ಷೆ ಕೇಳಿ. ಹೆಚ್ಚಾಗಿ ಅದು ಬೇರೆ ಸಣ್ಣ ಕಾಯಿಲೆಯೇ ಆಗಿರುತ್ತದೆ. ಆಗಿದ್ದರೆ ಒಳ್ಳೆಯದೇ ಆಯಿತು.

ಆ ಹುಡುಗಿಯನ್ನು ದಾರಿಯಲ್ಲಿ ಕಂಡರೆ ಮಾತಾಡಿಸಿ. ಚೆನ್ನಾಗಿದ್ದೀಯಾ ಎಂದು ಕೇಳಿ, ಅವಳು ಹೌದೆನ್ನುತ್ತಾಳೆ. ಆಮೇಲೆ ಅವಳ ತಾಯಿಯನ್ನು, ಮುಂದಿನ ಸಲ ಬೆಂಗಳೂರಿಗೆ ಯಾವಾಗ ಎಂದು ಕೇಳಿ. ಈ ಎರಡನೆಯ ಪ್ರಶ್ನೆಯನ್ನು ಕೇಳಲು ನಾವು ಮರೆತಿದ್ದೆವು. ಇನ್ನು ಮರೆಯದಿರೋಣ.